ಅಣು ಮಾದರಿ ಪೆಟ್ಟಿಗೆ: ಹಾಸೆಲ್‌ರ ಕುರ್ಚಿ ಕಟ್ಟಿ ನೋಡಿದಾಗ

ದಾವಣಗೆರೆಯ ಡಿಗ್ರಿ ಕಾಲೇಜುಗಳ ಹುಡುಗ ಹುಡುಗಿಯರ ಬ್ಯಾಗಿನಲ್ಲಿ, ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ಸಿನ ಹಾಸ್ಟೆಲ್ ಟೇಬಲ್ಲುಗಳ ಮೇಲೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಕಾಣುತ್ತದೆ. ಒಳಗೆ ಪರಮಾಣುಗಳ ಲೆಕ್ಕಕ್ಕೆ ಬಣ್ಣದ ಗುಂಡುಗಳು, ಬಂಧಗಳ ಲೆಕ್ಕಕ್ಕೆ ಬೂದು ಕೊಂಡಿಗಳು, ಸಿಕ್ಕಿಸಿ ಅಣುವಿನ ಮಾದರಿ ಕಟ್ಟಲು. ಮುಚ್ಚಳದ ಮೇಲೆ ‘239 ಪೀಸ್’ ಎಂದು ಬರೆದಿರುತ್ತದೆ. ಆನ್‌ಲೈನ್‌ನಲ್ಲಿ ಆರುನೂರು ರೂಪಾಯಿ ಆಸುಪಾಸಿಗೆ ಸಿಗುವ ಈ ಮಾಲು ನಾಲ್ಕಾರು ಹೆಸರುಗಳಲ್ಲಿ ಬರುವುದರಿಂದ, ಹೆಸರು ನೋಡಿ ಕೊಳ್ಳುವುದಕ್ಕಿಂತ ಒಳಗಿನ ಲೆಕ್ಕ ನೋಡಿ ಕೊಳ್ಳುವುದು ಲೇಸು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸ್ಟೀರಿಯೋಕೆಮಿಸ್ಟ್ರಿ, ಅಂದರೆ ಅಣುಗಳ ಮೂರು ಆಯಾಮದ ಆಕಾರದ ಪಾಠ, ಓದಲೇಬೇಕಾದ ಡಿಗ್ರಿ, ಪಿ.ಜಿ. ವಿದ್ಯಾರ್ಥಿಗಳಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬರೀ ನೀಟ್, ಸಿ.ಇ.ಟಿ.ಗೆ ಓದುವವರಿಗೆ ಇದು ಬೇಕಾಗಿಲ್ಲ. ಜೊತೆಗೆ ಬರುವ ಕೈಪಿಡಿಯನ್ನು ಯಾರೂ ನೆಚ್ಚಿಕೊಳ್ಳಬಾರದು.

ಪರೀಕ್ಷಿಸಿದ ಪೆಟ್ಟಿಗೆಯಲ್ಲಿ 86 ಗುಂಡು, 153 ಕೊಂಡಿ ಇದ್ದವು. ಕರಿ ಕಾರ್ಬನ್ 24, ಬಿಳಿ ಹೈಡ್ರೋಜನ್ 40, ಕೆಂಪು ಆಕ್ಸಿಜನ್ 8, ನೀಲಿ ನೈಟ್ರೋಜನ್ 4, ಹಸಿರು ಹ್ಯಾಲೋಜನ್ 6, ಹಳದಿ ಗಂಧಕ 2, ನೇರಳೆ ರಂಜಕ 2. ಕೊಂಡಿಗಳಲ್ಲಿ ಗಿಡ್ಡವು 60, ಮಧ್ಯಮ 57, ಬಾಗುವ ಉದ್ದನೆಯವು 36. ಕೊಂಡಿ ಕೀಳಲು ಒಂದು ಚಿಮಟದಂಥ ಸಾಧನ. ಗಿಡ್ಡ ಕೊಂಡಿ ಹೈಡ್ರೋಜನ್‌ಗೆ, ಮಧ್ಯಮದ್ದು ಕಾರ್ಬನ್–ಕಾರ್ಬನ್ ಒಂಟಿ ಬಂಧಕ್ಕೆ, ಬಾಗುವಂಥದ್ದು ಜೋಡಿ ಮತ್ತು ತ್ರಿಬಂಧಕ್ಕೆ. ಕೈಪಿಡಿ ಇದನ್ನೇ ಸರಿಯಾಗಿ ಹೇಳುವುದಿಲ್ಲ. ಅದರ ಚಿತ್ರದಲ್ಲಿ ಆರು ಕಾರ್ಬನ್‌ಗಳ ಉಂಗುರದ ಒಂದು ಮಗ್ಗುಲಿಗೆ ಗಿಡ್ಡ ಕೊಂಡಿ ಹಾಕಿದ್ದಾರೆ. ಹಾಗೆ ಕಟ್ಟಿದರೆ ಉಂಗುರ ಸೊಟ್ಟಗಾಗುತ್ತದೆ, ಸೊಟ್ಟ ಉಂಗುರದಲ್ಲಿ ಆಕ್ಸಿಯಲ್ (ಉಂಗುರಕ್ಕೆ ಲಂಬವಾಗಿ ನಿಂತ ಬಂಧ) ಯಾವುದು ಇಕ್ವಟೋರಿಯಲ್ (ಹೊರಗಡೆಗೆ ಚಾಚಿದ ಬಂಧ) ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಇಂಥ ಪೆಟ್ಟಿಗೆಗೆ ನಿಜವಾದ ಪರೀಕ್ಷೆ ಸೈಕ್ಲೋಹೆಕ್ಸೇನ್, ಆರು ಕಾರ್ಬನ್‌ಗಳ ಉಂಗುರ. ಅದು ಮಡಚಿಕೊಂಡು ಕುರ್ಚಿಯ ಇಲ್ಲವೇ ದೋಣಿಯ ಆಕಾರ ತಾಳಬಲ್ಲದು, ಅಣು ಇರುವುದು ಕುರ್ಚಿಯಾಗಿ ಎಂದು ಅಳೆದು ತೋರಿಸಿದವರು ನಾರ್ವೆಯ ಹಾಸೆಲ್. ಮೀಥೇನ್, ಈಥೇನ್ ಯಾವ ಕಿಟ್‌ನಲ್ಲಾದರೂ ಚೆನ್ನಾಗಿಯೇ ಬರುತ್ತವೆ. ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಮಧ್ಯಮ ಕೊಂಡಿ, ಹನ್ನೆರಡು ಗಿಡ್ಡ ಕೊಂಡಿ ತೆಗೆದುಕೊಳ್ಳಿ. ಮೊದಲು ಬರೀ ಕಾರ್ಬನ್‌ಗಳ ಉಂಗುರ ಮಾಡಿ ಮೇಜಿನ ಮೇಲಿಡಿ. ಒಂದು ಬಿಟ್ಟು ಒಂದರಂತೆ ಮೂರು ಕಾರ್ಬನ್ ಮೇಜಿಗೆ ತಾಗಿ, ಉಳಿದ ಮೂರು ಒಂದೇ ಎತ್ತರದಲ್ಲಿ ಮೇಲೆ ನಿಲ್ಲಬೇಕು. ಆಗ ಪ್ರತಿ ಕಾರ್ಬನ್‌ನಲ್ಲೂ ಎರಡು ತೂತು ಖಾಲಿ ಉಳಿದಿರುತ್ತವೆ, ಒಂದು ನೆಟ್ಟಗೆ ಲಂಬವಾಗಿ, ಇನ್ನೊಂದು ಹೊರಗಡೆಗೆ ಸ್ವಲ್ಪ ಓರೆಯಾಗಿ. ಲಂಬದ ತೂತುಗಳಿಗೆ ಮೊದಲು ಹೈಡ್ರೋಜನ್ ಹಾಕಿ. ಕೆಳಗಿನ ಮೂರು ಕಾರ್ಬನ್‌ಗಳದ್ದು ಕೆಳಮುಖ, ಮೇಲಿನ ಮೂರರದ್ದು ಮೇಲ್ಮುಖ. ಈಗ ಇಡೀ ಮಾದರಿ ಮೂರು ಹೈಡ್ರೋಜನ್ ಕಾಲುಗಳ ಮೇಲೆ ಅಲ್ಲಾಡದೆ ನಿಂತರೆ ಅದು ಕುರ್ಚಿ. ವಾಲಿದರೆ ದೋಣಿಯೋ, ತಿರುಚಿದ ದೋಣಿಯೋ ಆಗಿದೆ ಎಂದರ್ಥ. ಓರೆ ತೂತುಗಳ ಹೈಡ್ರೋಜನ್‌ಗಳನ್ನು ಆಮೇಲೆ ಹಾಕಿದರಾಯಿತು. ಎರಡನೆಯ ತಪಾಸಣೆಯನ್ನೂ ಬಿಡಬೇಡಿ: ಪ್ರತಿ ಕಾರ್ಬನ್–ಕಾರ್ಬನ್ ಕೊಂಡಿಯ ನೇರಕ್ಕೆ ಒಂದು ಕಣ್ಣು ಮುಚ್ಚಿ ನೋಡಿದಾಗ ಹಿಂದಿನ ಮೂರು ಬಂಧಗಳು ಮುಂದಿನ ಮೂರರ ನಡುವಿನ ಸಂದುಗಳಲ್ಲಿ ಕಾಣಬೇಕು. ಆರು ಕೊಂಡಿಗಳ ಪೈಕಿ ಒಂದರಲ್ಲಿ ಒಂದರ ಹಿಂದೊಂದು ಮರೆಯಾದರೂ ಕುರ್ಚಿ ಕೆಟ್ಟಿದೆ.

ಈ ಪರೀಕ್ಷೆಯಲ್ಲಿ ಪೆಟ್ಟಿಗೆ ಪಾಸಾಗುತ್ತದೆ. ಕಾರ್ಬನ್ ಗುಂಡಿನ ತೂತುಗಳ ಕೋನ 109.5 ಡಿಗ್ರಿಗೆ ಹತ್ತಿರವೇ ಇದೆ. ನಿಜವಾದ ಸೈಕ್ಲೋಹೆಕ್ಸೇನ್‌ನಲ್ಲಿ ಉಂಗುರದ ಒಳಕೋನ ಸುಮಾರು 111 ಡಿಗ್ರಿ, ತಿರುಚು ಕೋನ (ಒಂದು ಕೊಂಡಿಯ ನೇರಕ್ಕೆ ನೋಡಿದಾಗ ಅದರ ಮುಂದಿನ, ಹಿಂದಿನ ಉಂಗುರದ ಬಂಧಗಳ ನಡುವೆ ಕಾಣುವ ಕೋನ) 60ರ ಬದಲು ಸುಮಾರು 55. ಅಂದರೆ ನಿಜವಾದ ಕುರ್ಚಿ ಈ ಪ್ಲಾಸ್ಟಿಕ್ ಕುರ್ಚಿಗಿಂತ ಕೂದಲೆಳೆಯಷ್ಟು ಚಪ್ಪಟೆ. ಆರುನೂರು ರೂಪಾಯಿಗೆ ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ತಕರಾರು ಇರುವುದು ಕುರ್ಚಿಯನ್ನು ದೋಣಿಗೆ ತಿರುಗಿಸುವಾಗ. ಒಂದು ತುದಿಯ ಕಾರ್ಬನ್ ಎತ್ತಿದರೆ ಕೈಗೆ ತಡೆ ಸಿಗುತ್ತದೆ, ಒತ್ತಿದರೆ ಟಕ್ಕೆಂದು ದಾಟುತ್ತದೆ. ಈ ತಡೆ ನಿಜದ್ದೇ, ಅಣುವಿನಲ್ಲಿ ಅದು ಮೋಲ್‌ಗೆ ಸುಮಾರು 10.8 ಕಿಲೋಕ್ಯಾಲರಿ. ಆದರೆ ದಾಟಿದ ಮೇಲೆ ದೋಣಿ ಕೈಯಲ್ಲಿ ಸಲೀಸಾಗಿ ಅತ್ತಿತ್ತ ಹೊರಳುತ್ತದೆ. ಬಿಗಿಯಾಗಿ ಕೂತ ಕುರ್ಚಿಗಿಂತ ದೋಣಿಯೇ ಹಾಯಾಗಿದೆ ಎಂದು ಯಾರಿಗಾದರೂ ಅನ್ನಿಸಬೇಕು. ವಾಸ್ತವ ತಿರುವುಮುರುವು. ತಿರುಚಿದ ದೋಣಿಯ ಶಕ್ತಿ ಕುರ್ಚಿಗಿಂತ ಸುಮಾರು 5.5 ಕಿಲೋಕ್ಯಾಲರಿ ಮೇಲಿದೆ, ನೆಟ್ಟಗಿನ ದೋಣಿಯದ್ದು ಇನ್ನೂ ಹೆಚ್ಚು. ಕೋಣೆಯ ಉಷ್ಣತೆಯಲ್ಲಿ ಸಾವಿರ ಅಣುಗಳಲ್ಲಿ ಒಂದೆರಡು ದೋಣಿಯಾಗಿ ಸಿಕ್ಕರೆ ಹೆಚ್ಚು. ಕಿಟ್ ಕೋನದ ಬಿಗಿತವನ್ನು ತೋರಿಸುತ್ತದೆ. ಬಂಧಗಳು ಒಂದರ ಹಿಂದೊಂದು ಮರೆಯಾಗಿ ನಿಂತಾಗ ಏಳುವ ಬಿಗಿತವನ್ನು ತೋರಿಸುವುದಿಲ್ಲ, ಯಾಕೆಂದರೆ ಕೊಂಡಿಗಳು ತೂತಿನಲ್ಲಿ ನಿರಾತಂಕವಾಗಿ ತಿರುಗುತ್ತವೆ. ಇದು ಈ ಪೆಟ್ಟಿಗೆಯೊಂದರ ದೋಷವಲ್ಲ, ಕೊಂಡಿ ಸಿಕ್ಕಿಸುವ ಎಲ್ಲ ಮಾದರಿಗಳದ್ದೂ ಇದೇ ಹಣೆಬರಹ. ಕೈಪಿಡಿಯಲ್ಲಿ ಒಂದು ಸಾಲು ಎಚ್ಚರಿಕೆ ಹಾಕಬಹುದಿತ್ತು, ಹಾಕಿಲ್ಲ.

ಅದರ ಬದಲು ಕೊನೆಯ ಪುಟದಲ್ಲಿ ಓಡ್ ಹಾಸೆಲ್ ಎಂಬ ನಾರ್ವೆಯ ‘ಸಾವಯವ ರಸಾಯನಶಾಸ್ತ್ರಜ್ಞ’ ಇಂಥ ಮಾದರಿಗಳಿಂದ ಕುರ್ಚಿಯನ್ನು ಕಂಡುಹಿಡಿದು ನೊಬೆಲ್ ಪಡೆದ ಎಂದು ಎರಡು ಸಾಲು ಬರೆದಿದ್ದಾರೆ. ನಾರ್ವೆ, ನೊಬೆಲ್ ಬಿಟ್ಟರೆ ಉಳಿದದ್ದು ತಪ್ಪು. ಆ ತಪ್ಪನ್ನು ಬಿಡಿಸಿದರೆ ಈ ಪೆಟ್ಟಿಗೆಯಿಂದ ಏನು ಕಲಿಯಬಹುದು, ಏನು ಕಲಿಯಲಾಗದು ಎಂಬುದೂ ಬಿಡಿಸಿಕೊಳ್ಳುತ್ತದೆ.

ಕುರ್ಚಿ ಮೊದಲು ಹೊಳೆದದ್ದು ಹಾಸೆಲ್‌ಗೆ ಅಲ್ಲ. ಉಂಗುರಗಳು ಸಮತಟ್ಟು ಎಂದು ಜರ್ಮನ್ ರಸಾಯನಶಾಸ್ತ್ರಜ್ಞ ಬೇಯರ್ 1885ರಲ್ಲಿ ಲೆಕ್ಕ ಹಾಕಿದ್ದ. 1890ರಲ್ಲಿ ಹರ್ಮನ್ ಸಾಕ್ಸೆ ಎಂಬ ಜರ್ಮನ್ ತರುಣ, ಆರು ಕಾರ್ಬನ್‌ನ ಉಂಗುರ ಮಡಚಿಕೊಂಡರೆ ಕೋನದ ಬಿಗಿತವೇ ಇರುವುದಿಲ್ಲ, ಅದು ಎರಡು ರೂಪದಲ್ಲಿ ಸಾಧ್ಯ ಎಂದು ತೋರಿಸಿದ. ಕಾಗದ ಕತ್ತರಿಸಿ ಮಡಚಿ ಮಾದರಿ ಮಾಡುವ ವಿಧಾನವನ್ನೂ ಕೊಟ್ಟ. ಯಾರೂ ಕಿವಿಗೊಡಲಿಲ್ಲ, ಸಾಕ್ಸೆ 1893ರಲ್ಲಿ ತೀರಿಕೊಂಡ. 1918ರಲ್ಲಿ ಎರ್ನ್ಸ್ಟ್ ಮೋರ್ ವಜ್ರದ ಹರಳಿನ ರಚನೆ ಇಟ್ಟುಕೊಂಡು ಅದೇ ವಾದವನ್ನು ಮತ್ತೆ ಎತ್ತಿದ. ಹೀಗೆ ಮಾದರಿ ಆಗಲೇ ಕೈಯಲ್ಲಿತ್ತು. ಎರಡರಲ್ಲಿ ಅಣು ಯಾವ ರೂಪದಲ್ಲಿದೆ ಎಂಬುದಕ್ಕೆ ಮಾದರಿಯಲ್ಲಿ ಉತ್ತರವಿರಲಿಲ್ಲ. ಅದನ್ನು ಅಳೆಯಬೇಕಿತ್ತು.

ಅಳೆದವರು ಹಾಸೆಲ್. ಹುಟ್ಟಿದ್ದು 1897ರ ಮೇ 17, ಆಗ ಕ್ರಿಸ್ಟಿಯಾನಿಯಾ ಎನ್ನುತ್ತಿದ್ದ ಓಸ್ಲೋದಲ್ಲಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ 1915ರಲ್ಲಿ ಸೇರಿ 1920ರಲ್ಲಿ ಪದವಿ ಮುಗಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಕಾಸಿಮಿರ್ ಫಾಯಾನ್ಸ್ ಪ್ರಯೋಗಾಲಯ. ಅಲ್ಲಿ ಇಬ್ಬರೂ ಸೇರಿ 1923ರಲ್ಲಿ ಪ್ರಕಟಿಸಿದ್ದು ಬಣ್ಣದ ಇಂಡಿಕೇಟರ್ ಹಾಕಿ ಬೆಳ್ಳಿ ಮತ್ತು ಹ್ಯಾಲೈಡ್ ಅಯಾನುಗಳನ್ನು ಟೈಟ್ರೇಟ್ ಮಾಡುವ ವಿಧಾನ. ಫ್ಲೋರೆಸೀನ್ ಹಾಕಿ ಸಿಲ್ವರ್ ನೈಟ್ರೇಟ್ ಬಿಡುವಾಗ ಹಳದಿ-ಹಸಿರು ಹೋಗಿ ಗುಲಾಬಿ ಬರುವುದನ್ನು ಲ್ಯಾಬಿನಲ್ಲಿ ಕಂಡವರು ಹಾಸೆಲ್ ಹೆಸರು ಕೇಳದೆಯೇ ಅವರ ಕೆಲಸ ಕಂಡಿದ್ದಾರೆ. ಆಮೇಲೆ ಬರ್ಲಿನ್ನಿನ ಡಾಲೆಮ್‌ನಲ್ಲಿದ್ದ ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯಲ್ಲಿ ಎಕ್ಸ್-ರೇ ಸ್ಫಟಿಕಶಾಸ್ತ್ರ, 1924ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಡಾಕ್ಟರೇಟ್. 1925ರಲ್ಲಿ ಓಸ್ಲೋಗೆ ವಾಪಸು. 1934ರಲ್ಲಿ ಪ್ರೊಫೆಸರ್ ಆದರು, ಅದೂ ಭೌತ ರಸಾಯನಶಾಸ್ತ್ರಕ್ಕೆ. 1964ರವರೆಗೂ ಅದೇ ಪೀಠ. ಸಾವಯವ ಅಣುಗಳ ಮೇಲೆ ಕೆಲಸ ಮಾಡಿದರೂ ಅವರು ಅಣು ತಯಾರಿಸುವವರಲ್ಲ, ಅಳೆಯುವವರು. ಕೈಪಿಡಿ ಬರೆದವರಿಗೆ ಈ ವ್ಯತ್ಯಾಸ ಹೊಳೆದಿಲ್ಲ.

1930ರ ಸುಮಾರಿಗೆ ಸೈಕ್ಲೋಹೆಕ್ಸೇನ್ ಹಿಡಿದರು. ಮೊದಮೊದಲು ಹರಳುಗಳ ಎಕ್ಸ್-ರೇ ಮತ್ತು ಡೈಪೋಲ್ ಮೊಮೆಂಟ್ (ಅಣುವಿನಲ್ಲಿ ವಿದ್ಯುದಂಶ ಎಷ್ಟು ಒಂದು ಕಡೆಗೆ ವಾಲಿದೆ ಎಂಬುದರ) ಅಳತೆ. ಹರಳಿನಲ್ಲಿ ಅಣು ಅಕ್ಕಪಕ್ಕದವರ ಒತ್ತಡಕ್ಕೆ ಹಾಗೆ ಕೂತಿರಬಹುದು ಎಂಬ ಆಕ್ಷೇಪ ಯಾವಾಗಲೂ ಇದ್ದದ್ದೇ. ಅದಕ್ಕೆ 1938ರಿಂದ ಎಲೆಕ್ಟ್ರಾನ್ ಡಿಫ್ರಾಕ್ಷನ್ ಕೈಗೆತ್ತಿಕೊಂಡರು. ನಿರ್ವಾತದಲ್ಲಿ ಅನಿಲವನ್ನು ಸಣ್ಣ ಧಾರೆಯಾಗಿ ಬಿಟ್ಟು ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಫೋಟೋ ಪ್ಲೇಟಿನ ಮೇಲೆ ಉಂಗುರ ಉಂಗುರ ಬೀಳುತ್ತವೆ. ಆ ಉಂಗುರಗಳಿಂದ ಪರಮಾಣುಗಳ ನಡುವಿನ ದೂರ ಲೆಕ್ಕ ಹಾಕಬಹುದು. ಕುರ್ಚಿಯಲ್ಲಿ ಎದುರುಬದುರಿನ ಎರಡು ಕಾರ್ಬನ್‌ಗಳ ದೂರ ಒಂದೇ ಅಳತೆಯದ್ದು, ದೋಣಿಯಲ್ಲಿ ಎರಡು ಬಗೆಯದ್ದು. ಪೆಟ್ಟಿಗೆ ಕೈಯಲ್ಲಿದ್ದವರು ಒಂದು ಕುರ್ಚಿ, ಒಂದು ದೋಣಿ ಪಕ್ಕಪಕ್ಕ ಕಟ್ಟಿ, 1–4, 2–5, 3–6 ಕಾರ್ಬನ್ ಜೋಡಿಗಳನ್ನು ಸ್ಕೇಲಿನಿಂದ ಅಳೆಯಿರಿ. 12 ಕಾರ್ಬನ್, 24 ಹೈಡ್ರೋಜನ್ ಸಾಕು. ದೋಣಿಯ ಎರಡು ತುದಿಗಳ ಅಂತರ ಉಳಿದೆರಡಕ್ಕಿಂತ ಕಡಿಮೆ ಬರುತ್ತದೆ. ಪ್ಲೇಟಿನ ಉಂಗುರಗಳಿಂದ ಆಕಾರ ಹೇಳುವುದೆಂದರೆ ಮೂಲದಲ್ಲಿ ಇದೇ ಲೆಕ್ಕ, ಮತ್ತು ಇದಕ್ಕೆ ಈ ಪೆಟ್ಟಿಗೆ ಲಾಯಕ್ಕಾಗಿದೆ.

ಅನಿಲದಲ್ಲೂ ಕುರ್ಚಿಯೇ ಕಂಡಿತು. ಒಂದು ಕುರ್ಚಿ ಇನ್ನೊಂದಕ್ಕೆ ಹೊರಳುತ್ತಲೇ ಇರುತ್ತದೆ, ಹೈಡ್ರೋಜನ್ ಜಾಗಕ್ಕೆ ಬಂದು ಕೂರುವ ಬದಲಿ ಗುಂಪುಗಳಿಗೆ ಇಕ್ವಟೋರಿಯಲ್ ಜಾಗವೇ ಮೇಲು ಎಂಬ ನಿಲುವಿಗೂ ಅವರು ಬಂದರು. ಇದನ್ನು ಹೇಳಿದ 1943ರ ಲೇಖನ ನಾರ್ವೇಜಿಯನ್ ಭಾಷೆಯಲ್ಲಿದೆ. ದೇಶ ಜರ್ಮನ್ನರ ವಶದಲ್ಲಿತ್ತು, ಜರ್ಮನ್ ನಿಯತಕಾಲಿಕಗಳಿಗೆ ಬರೆಯಲು ಹಾಸೆಲ್ ಒಪ್ಪಲಿಲ್ಲ. ಹೊರಗಿನವರು ಬಹುಕಾಲ ಅದನ್ನು ಓದಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಬಂಧನವಾಯಿತು, ಗ್ರಿನಿ ಶಿಬಿರ ಸೇರಿದಂತೆ 1944ರ ನವೆಂಬರ್‌ವರೆಗೆ ಸೆರೆ. ಅದೇ ಗ್ರಿನಿಯಲ್ಲಿ ಅರ್ಥಶಾಸ್ತ್ರಜ್ಞ ರಾಗ್ನರ್ ಫ್ರಿಶ್ ಕೂಡ ಇದ್ದರು. 1969ರಲ್ಲಿ ಹಾಸೆಲ್‌ಗೆ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಡೆರೆಕ್ ಬಾರ್ಟನ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂದ ವರ್ಷವೇ ಫ್ರಿಶ್‌ಗೆ ಅರ್ಥಶಾಸ್ತ್ರದ್ದು ಬಂತು.

ಪೆಟ್ಟಿಗೆಗೆ ಮರಳೋಣ. ಮುಂದಿನ ಪರೀಕ್ಷೆ ಡೆಕಾಲಿನ್, ಎರಡು ಆರರ ಉಂಗುರ ಒಂದು ಬಂಧವನ್ನು ಹಂಚಿಕೊಂಡದ್ದು. ಸಿಸ್ ಮತ್ತು ಟ್ರಾನ್ಸ್ ಎರಡರಲ್ಲೂ ಉಂಗುರಗಳು ಕುರ್ಚಿಗಳೇ ಎಂದು ಹಾಸೆಲ್ ಮತ್ತು ಅವರ ಶಿಷ್ಯ ಒಟ್ಟೋ ಬಾಸ್ಟಿಯಾನ್ಸನ್ 1946ರಲ್ಲಿ ತೋರಿಸಿದರು. ಸಿಸ್‌ನಲ್ಲಿ ದೋಣಿಗಳಿವೆ ಎಂಬ ನಂಬಿಕೆ ಅಲ್ಲಿಯವರೆಗೂ ಇತ್ತು. ಎರಡನ್ನೂ ಒಟ್ಟಿಗೆ ಕಟ್ಟಲು 20 ಕಾರ್ಬನ್, 36 ಹೈಡ್ರೋಜನ್, 22 ಮಧ್ಯಮ ಕೊಂಡಿ, 36 ಗಿಡ್ಡ ಕೊಂಡಿ ಬೇಕು. ಈ ಪೆಟ್ಟಿಗೆಯಲ್ಲಿ ಸರಿಹೋಗಿ ನಾಲ್ಕು ಕಾರ್ಬನ್, ನಾಲ್ಕು ಹೈಡ್ರೋಜನ್ ಮಿಗುತ್ತವೆ. ಇದಕ್ಕಿಂತ ಚಿಕ್ಕ ಪೆಟ್ಟಿಗೆ ಕೊಂಡವರಿಗೆ ಎರಡನ್ನೂ ಎದುರಿಗಿಟ್ಟು ಹೋಲಿಸುವ ಭಾಗ್ಯವಿಲ್ಲ, ಹೋಲಿಸದೆ ಡೆಕಾಲಿನ್ ತಲೆಗೆ ಹತ್ತುವುದೂ ಇಲ್ಲ. ಸಂಧಿಯ ಎರಡು ಕಾರ್ಬನ್‌ಗಳ ಹೈಡ್ರೋಜನ್ ಒಂದೇ ಕಡೆಗಿದ್ದರೆ ಸಿಸ್, ಒಂದು ಮೇಲೆ ಒಂದು ಕೆಳಗಿದ್ದರೆ ಟ್ರಾನ್ಸ್. ಸಿಸ್ ಅನ್ನು ಹೊರಳಿಸಿದರೆ ಎರಡೂ ಕುರ್ಚಿಗಳು ಒಟ್ಟಿಗೆ ಮಗುಚುತ್ತವೆ. ಟ್ರಾನ್ಸ್ ಹೊರಳುವುದಿಲ್ಲ. ಹೊರಳಿಸಲು ಜೋರು ಮಾಡಿದರೆ ಕೊಂಡಿ ಕಳಚುತ್ತದೆ, ಕೆಲವೊಮ್ಮೆ ಕುತ್ತಿಗೆಯ ಹತ್ತಿರ ಮುರಿಯುತ್ತದೆ. ಅಣುವಿಗೂ ಅದು ಅಸಾಧ್ಯವಾದ್ದರಿಂದ ಇಲ್ಲಿ ಕಿಟ್ ಹೇಳುತ್ತಿರುವುದು ಸತ್ಯ.

ಬಾರ್ಟನ್ 1950ರಲ್ಲಿ ಈ ತಿಳಿವನ್ನು ಸ್ಟೀರಾಯ್ಡ್‌ಗಳಿಗೆ, ಅಂದರೆ ನಾಲ್ಕು ಉಂಗುರ ಅಂಟಿಕೊಂಡ ಅಣುಗಳಿಗೆ, ಹಚ್ಚಿದರು. ಅದನ್ನೂ ಕಟ್ಟಬಹುದು: 5-ಆಲ್ಫಾ-ಆಂಡ್ರೋಸ್ಟೇನ್‌ಗೆ 19 ಕಾರ್ಬನ್, 32 ಹೈಡ್ರೋಜನ್. ಕೊಲೆಸ್ಟ್ರಾಲ್ ಕಟ್ಟಲು ಬರುವುದಿಲ್ಲ, 27 ಕಾರ್ಬನ್, 46 ಹೈಡ್ರೋಜನ್ ಬೇಕು. ಇಬ್ಬರು ಪೆಟ್ಟಿಗೆ ಕೂಡಿಸಿದರೆ ಆಗುತ್ತದೆ.

ದಾವಣಗೆರೆ, ಚಿತ್ರದುರ್ಗದ ಹತ್ತಿ ಸೀಮೆಯವರಿಗೆ ಡೆಕಾಲಿನ್‌ಗಿಂತ ಹತ್ತಿರದ್ದು ಬಿ.ಎಚ್.ಸಿ. (ಬೆಂಜೀನ್ ಹೆಕ್ಸಾಕ್ಲೋರೈಡ್) ಎಂಬ ಕೀಟನಾಶಕ ಪುಡಿ, ಹಿರಿಯರ ಬಾಯಲ್ಲಿ ಗ್ಯಾಮಾಕ್ಸಿನ್. ರಾಸಾಯನಿಕವಾಗಿ ಅದು ಆರು ಕ್ಲೋರಿನ್ ಹೊತ್ತ ಸೈಕ್ಲೋಹೆಕ್ಸೇನ್. ಪುಡಿಯಲ್ಲಿ ಹಲವು ಐಸೋಮರ್‌ಗಳ, ಅಂದರೆ ಅವೇ ಪರಮಾಣುಗಳು ಬೇರೆ ಬೇರೆ ದಿಕ್ಕಿಗೆ ಕೂತ ರೂಪಗಳ, ಮಿಶ್ರಣ, ಕೀಟ ಕೊಲ್ಲುವ ಗ್ಯಾಮಾ ನೂರಕ್ಕೆ ಹತ್ತು-ಹದಿನೈದು ಪಾಲು ಮಾತ್ರ. ಹಾಸೆಲ್ ತಂಡ 1949ರಲ್ಲಿ ಈ ಐಸೋಮರ್‌ಗಳನ್ನೇ ಎಲೆಕ್ಟ್ರಾನ್ ಡಿಫ್ರಾಕ್ಷನ್‌ಗೆ ಒಡ್ಡಿತ್ತು. ಗ್ಯಾಮಾದಲ್ಲಿ ಅಕ್ಕಪಕ್ಕದ ಮೂರು ಕ್ಲೋರಿನ್ ಆಕ್ಸಿಯಲ್, ಮೂರು ಇಕ್ವಟೋರಿಯಲ್. ಬೀಟಾದಲ್ಲಿ ಆರೂ ಇಕ್ವಟೋರಿಯಲ್. ಬೀಟಾ ಕಟ್ಟಿ ನೋಡಿ: ಯಾವ ಕ್ಲೋರಿನ್ ಹಿಡಿದರೂ ಪಕ್ಕದ ಕಾರ್ಬನ್‌ನ ಹೈಡ್ರೋಜನ್ ಅದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಬರುವುದೇ ಇಲ್ಲ. ಕುರ್ಚಿ ಮಗುಚಿದರೂ ಬರುವುದಿಲ್ಲ. ಕ್ಷಾರ ಹಾಕಿ ಎಚ್.ಸಿ.ಎಲ್. ಕಳಚಲು ಆ ವಿರುದ್ಧ ಜೋಡಿ ಬೇಕು, ಹಾಗಾಗಿ ಬೀಟಾ ಉಳಿದವುಗಳಿಗಿಂತ ಸಾವಿರಾರು ಪಟ್ಟು ನಿಧಾನ. ಮಣ್ಣಿನಲ್ಲಿ, ಮೈಯ ಕೊಬ್ಬಿನಲ್ಲಿ ಬಹುಕಾಲ ಉಳಿಯುವುದೂ ಇದೇ ಬೀಟಾ. ಭಾರತದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. ಹೀಗೆ ಕ್ಷಾರ ಹಾಕಿ ಎಚ್.ಸಿ.ಎಲ್. ಕಳಚುವ E2 ಎಲಿಮಿನೇಷನ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ. ಆದರೆ ಹಸಿರು ಗುಂಡು ಆರೇ ಇರುವುದರಿಂದ ಒಮ್ಮೆಗೆ ಒಂದೇ ಐಸೋಮರ್. ಕೆಂಪು ಗುಂಡುಗಳನ್ನು ಕ್ಲೋರಿನ್ ಎಂದುಕೊಂಡು ಎರಡನೆಯದನ್ನು ಕಟ್ಟಬಹುದು, ಒಂದು ತೂತು ಖಾಲಿ ಉಳಿಯುತ್ತದೆ ಅಷ್ಟೆ.

ಗುಂಪುಗಳ ಜಗಳವನ್ನು ತೋರಿಸುವುದರಲ್ಲಿ ಪೆಟ್ಟಿಗೆ ಅರ್ಧಂಬರ್ಧ. ಮೀಥೈಲ್ ಅನ್ನು ಆಕ್ಸಿಯಲ್ ಜಾಗದಲ್ಲಿ ಹಾಕಿದರೆ ಅದೇ ಮಗ್ಗುಲಿನ ಎರಡು ಹೈಡ್ರೋಜನ್‌ಗಳಿಗೆ ಇಕ್ಕಟ್ಟಾಗಬೇಕು. ಗುಂಡುಗಳು ಚಿಕ್ಕವಾದ್ದರಿಂದ ಏನೂ ತಾಗುವುದಿಲ್ಲ. ಅಣುವಿನಲ್ಲಿ ಆ ಇಕ್ಕಟ್ಟಿನ ಬೆಲೆ 1.7 ಕಿಲೋಕ್ಯಾಲರಿ, ಅದರಿಂದಲೇ ಮೀಥೈಲ್ ಸೈಕ್ಲೋಹೆಕ್ಸೇನ್‌ನಲ್ಲಿ ನೂರಕ್ಕೆ 95 ಇಕ್ವಟೋರಿಯಲ್. ಟರ್ಷರಿ ಬ್ಯುಟೈಲ್ ಹಾಕಿದಾಗ ಮಾತ್ರ ಒಂದು ಮೀಥೈಲ್ ಉಂಗುರದ ಮೇಲಕ್ಕೆ ಚಾಚಿ ಹೈಡ್ರೋಜನ್‌ಗಳಿಗೆ ಬಡಿಯುವುದು ಕಾಣುತ್ತದೆ. ಇದಕ್ಕೆ ಪರಿಹಾರ ಅವೊಗಾಡ್ರೋ ಎಂಬ ಉಚಿತ ಕಂಪ್ಯೂಟರ್ ತಂತ್ರಾಂಶ. ಅದರಲ್ಲಿ ಅದೇ ಅಣು ಬರೆದು ಶಕ್ತಿ ಲೆಕ್ಕ ಹಾಕಿಸಿ, ಆಕಾರಕ್ಕೆ ಪೆಟ್ಟಿಗೆ ಇಟ್ಟುಕೊಳ್ಳಿ.

ಜೋಡಿಬಂಧದ ಕಡೆಗೆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಬಾಗುವ ಕೊಂಡಿ ಎರಡು ಹಾಕಿ ಎಥಿಲೀನ್ ಮಾಡಿದರೆ ಅಣು ಸಮತಟ್ಟಾಗಿಯೇ ಬರುತ್ತದೆ, ಆದರೆ H–C–H ಕೋನ 109.5ರಲ್ಲೇ ಉಳಿಯುತ್ತದೆ, ನಿಜದಲ್ಲಿ ಸುಮಾರು 117. ಬೆಂಜೀನ್‌ನಲ್ಲಿ ಒಂದು ಬಂಧ ಉದ್ದ ಒಂದು ಗಿಡ್ಡವಾಗಿ ಕಾಣುತ್ತದೆ, ಇದು ತಪ್ಪು ಪಾಠ. ಅಮೈಡ್‌ನ ನೈಟ್ರೋಜನ್ ಸಮತಟ್ಟು ಎಂಬುದನ್ನು ತೋರಿಸಲಾಗದು. ಹಾಸೆಲ್ ಯುದ್ಧದ ನಂತರ ಕೈಹಾಕಿದ ಕೆಲಸವನ್ನಂತೂ ಈ ಪೆಟ್ಟಿಗೆಯಲ್ಲಿ ಕಟ್ಟಲು ದಾರಿಯೇ ಇಲ್ಲ: ಬ್ರೋಮಿನ್ ಅಣು ಡೈಆಕ್ಸೇನ್‌ನ ಆಕ್ಸಿಜನ್‌ಗೆ 2.7 ಆಂಗ್‌ಸ್ಟ್ರಾಂ ದೂರದಲ್ಲಿ ಸಾಲಾಗಿ ಕೂರುವ ರಚನೆ, 1954ರದ್ದು. ಅಷ್ಟು ಉದ್ದದ ದುರ್ಬಲ ಬಂಧಕ್ಕೆ ಕೊಂಡಿಯೇ ಇಲ್ಲ. ಅವರ ನೊಬೆಲ್ ಉಪನ್ಯಾಸದ ವಿಷಯ ಕುರ್ಚಿಯಲ್ಲ, ಇದು ಎಂಬುದು ಕೈಪಿಡಿಯವರಿಗೆ ಗೊತ್ತಿರಲಾರದು.

ಇನ್ನು ತಾಳಿಕೆ. ಕೊಂಡಿಯನ್ನು ನೇರ ಎಳೆಯಬಾರದು, ತಿರುಗಿಸುತ್ತ ಎಳೆಯಬೇಕು. ನೇರ ಎಳೆದರೆ ತುದಿ ತೂತಿನೊಳಗೇ ಉಳಿದು ಆ ಕಾರ್ಬನ್ ದಂಡ. ಹೊಸದರಲ್ಲಿ ಬಿಗಿ ಇದ್ದರೆ ಮೇಣದಬತ್ತಿಯ ತುದಿಯನ್ನು ಕೊಂಡಿಗೆ ಒಮ್ಮೆ ಸವರಿದರೆ ಸಾಕು, ಎಣ್ಣೆ ಬೇಡ, ಆಮೇಲೆ ಯಾವುದೂ ನಿಲ್ಲುವುದಿಲ್ಲ. ಬಳಸಿ ಬಳಸಿ ಸಡಿಲವಾದ ಕೊಂಡಿಗೆ ನಲ್ಲಿ ಕೆಲಸದ ಟೆಫ್ಲಾನ್ ಟೇಪು ಒಂದು ಸುತ್ತು ಸುತ್ತಿ, ಎರಡು ಸುತ್ತಿದರೆ ತೂತು ಸೀಳುತ್ತದೆ. ಪಿ.ಬಿ. ರಸ್ತೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಬಾಗುವ ಕೊಂಡಿಗಳನ್ನು ಅಣುವಿನಲ್ಲೇ ಬಿಟ್ಟು ಮಲಗಬೇಡಿ. ಏಪ್ರಿಲ್-ಮೇ ಬಿಸಿಲಿಗೆ ಶೀಟಿನ ಕೆಳಗಿನ ರೂಮಿನಲ್ಲಿ ಅವು ಬಾಗಿದ ಆಕಾರಕ್ಕೇ ಕಾಯಂ ಆಗುತ್ತವೆ. ಮೊದಲು ಕಳೆದುಹೋಗುವುದು ಬಿಳಿ ಗುಂಡು, ಅವಕ್ಕೆ ಬೇರೆ ಡಬ್ಬಿ ಮಾಡಿ.

ಪಾರ್ಸಲ್ ಬಿಚ್ಚಿದ ದಿನವೇ ಎಣಿಸಿ. ಹಿಂತಿರುಗಿಸುವ ಅವಧಿ ಮುಗಿದ ಮೇಲೆ ಕೊರತೆ ಕಂಡರೆ ಬಿಡಿ ಭಾಗ ಯಾರೂ ಕಳಿಸುವುದಿಲ್ಲ. ಎಲ್ಲ ಕಾರ್ಬನ್ ಗುಂಡುಗಳ ಅಚ್ಚಿನ ಗೆರೆ ನೋಡಿ, ತೂತಿನ ಅಂಚಿನಲ್ಲಿ ಗೆರೆ ಸೀಳಿದ್ದರೆ ಆ ಗುಂಡು ಒಂದು ಸೆಮಿಸ್ಟರ್ ಬಾಳುವುದಿಲ್ಲ. ಆರು ಕಾರ್ಬನ್ ತೆಗೆದು ಕುರ್ಚಿ ಕಟ್ಟಿ ಮೂರು ಕಾಲಿನ ಮೇಲೆ ನಿಲ್ಲಿಸಿ, ಮಿಕ್ಕ ಹದಿನೆಂಟನ್ನೂ ಆರಾರಾಗಿ ಹೀಗೇ ಪರೀಕ್ಷಿಸಿ. ಒಂದೇ ಒಂದು ಗುಂಡಿನ ತೂತು ಓರೆಯಾಗಿದ್ದರೂ ಆ ಕುರ್ಚಿ ವಾಲುತ್ತದೆ. ಇಬ್ಬರು ಗೆಳೆಯರು ಸೇರಿ ಎರಡು ಪೆಟ್ಟಿಗೆ ತರಿಸುವುದಾದರೆ ಎರಡನೆಯದು ಬೇರೆ ಹೆಸರಿನದ್ದು ಬೇಡ. ತೂತಿನ ಅಳತೆ ಒಂದು ಚೂರು ಬೇರೆಯಾದರೂ ಒಂದರ ಕೊಂಡಿ ಇನ್ನೊಂದಕ್ಕೆ ಕೂರುವುದಿಲ್ಲ.